ಅಷ್ಟು ಹಗುರವಾದ ಮೆಗ್ನೀಸಿಯಂನಿಂದ ಯಾಕೆ ಕಾರು ಕಟ್ಟುವುದಿಲ್ಲ?

ಒಂದು ಲೀಟರ್ ಜಾಗ ತುಂಬುವಷ್ಟು ಉಕ್ಕು ಸುಮಾರು 7.8 ಕಿಲೋ ತೂಗುತ್ತದೆ. ಅಷ್ಟೇ ಜಾಗದ ಅಲ್ಯುಮಿನಿಯಂ 2.7 ಕಿಲೋ. ಮೆಗ್ನೀಸಿಯಂ ಬರೀ 1.74 ಕಿಲೋ. ಅಂದರೆ ನಾವು ಹಗುರ ಅಂದುಕೊಂಡಿರುವ ಅಲ್ಯುಮಿನಿಯಂಗಿಂತಲೂ ಮೂರನೇ ಒಂದು ಭಾಗ ಕಡಿಮೆ ತೂಕ.

ಸಿಗುವುದೂ ಕಷ್ಟವಲ್ಲ. ಸಮುದ್ರದ ಒಂದೊಂದು ಲೀಟರ್ ನೀರಿನಲ್ಲೂ ಸುಮಾರು 1.3 ಗ್ರಾಂ ಮೆಗ್ನೀಸಿಯಂ ಕರಗಿದೆ. ಡಾಲಮೈಟ್ ಕಲ್ಲಿನಲ್ಲಿ ಧಾರಾಳವಾಗಿದೆ, ಆ ಕಲ್ಲು ನಮ್ಮ ಬಾಗಲಕೋಟೆ ಕಡೆಯೂ ಇದೆ. ಹಂಫ್ರಿ ಡೇವಿ ಈ ಲೋಹವನ್ನು ಬೇರ್ಪಡಿಸಿದ್ದು 1808ರಲ್ಲಿ. ಇನ್ನೂರು ವರ್ಷದ ಮೇಲಾಯಿತು. ಆದರೂ ಹೆಚ್ಚಿನ ವಿಮಾನಗಳ ಮೈ ಅಲ್ಯುಮಿನಿಯಂನದ್ದು, ಕಾರಿನ ಮೈ ಬಹುಪಾಲು ಉಕ್ಕಿನದ್ದು. ಮೆಗ್ನೀಸಿಯಂ ಸ್ಟೀರಿಂಗ್ ಚಕ್ರದ ಒಳಗೆ, ಡ್ಯಾಶ್‌ಬೋರ್ಡ್ ಹಿಂದಿನ ಚೌಕಟ್ಟಿನಲ್ಲಿ, ಲ್ಯಾಪ್‌ಟಾಪ್ ಕವಚದಲ್ಲಿ ಅಡಗಿ ಕುಳಿತಿದೆ. ಯಾಕೆ ಹೀಗೆ?

"ಅದಕ್ಕೆ ಬೆಂಕಿ ಹತ್ತುತ್ತದೆ" ಅಂತ ಥಟ್ಟನೆ ಹೇಳುವವರು ಜಾಸ್ತಿ. ಆ ಮಾತಿನಲ್ಲಿ ಸ್ವಲ್ಪ ನಿಜವಿದೆ, ಮುಂದೆ ನೋಡೋಣ. ಆದರೆ ದೊಡ್ಡ ಕಾರಣ ಬೇರೆ. ಅದು ಆ ಲೋಹದ ಹರಳಿನ ಆಕಾರದಲ್ಲೇ ಇದೆ. ಅದನ್ನು ತಿಳಿಯಬೇಕಾದರೆ ಮೊದಲು ಅಲ್ಯುಮಿನಿಯಂ ಹೇಗೆ ಗೆದ್ದಿತು ಅನ್ನುವುದನ್ನು ನೋಡಬೇಕು. ಶುದ್ಧ ಅಲ್ಯುಮಿನಿಯಂ ಕೂಡ ಹುಟ್ಟಾ ಗಟ್ಟಿ ಲೋಹವೇನಲ್ಲ. ಅದರ ತಂತಿಯನ್ನು ಬರಿಗೈಯಲ್ಲೇ ಬಗ್ಗಿಸಬಹುದು.

1900ರ ಮೊದಲ ವರ್ಷಗಳಲ್ಲಿ ಆಲ್ಫ್ರೆಡ್ ವಿಲ್ಮ್ ಎಂಬ ಜರ್ಮನ್ ಲೋಹತಜ್ಞರು ಬರ್ಲಿನ್ ಪಕ್ಕದ ನೋಯ್‌ಬಾಬೆಲ್ಸ್‌ಬರ್ಗ್‌ನ ಒಂದು ಸಂಶೋಧನಾಲಯದಲ್ಲಿ ಕೆಲಸ ಮಾಡುತ್ತಿದ್ದರು. ಸೈನ್ಯಕ್ಕೆ ಹಿತ್ತಾಳೆಯ ಬದಲು ಬಳಸಬಹುದಾದ ಗಟ್ಟಿ ಅಲ್ಯುಮಿನಿಯಂ ಬೇಕಿತ್ತು. ಉಕ್ಕನ್ನು ಕಾಯಿಸಿ ತಟ್ಟನೆ ನೀರಿಗೆ ಅದ್ದಿದರೆ ಗಟ್ಟಿಯಾಗುತ್ತದೆ, ಅದು ನಮ್ಮೂರ ಕಮ್ಮಾರರಿಗೂ ಗೊತ್ತಿದ್ದ ವಿದ್ಯೆ. ವಿಲ್ಮ್ ಅದನ್ನೇ ಅಲ್ಯುಮಿನಿಯಂ ಮೇಲೆ ಪ್ರಯೋಗಿಸುತ್ತಿದ್ದರು. 1906ರಲ್ಲಿ ಸುಮಾರು 4% ತಾಮ್ರ, 0.5% ಮೆಗ್ನೀಸಿಯಂ ಬೆರೆಸಿದ ಒಂದು ಮಿಶ್ರಲೋಹವನ್ನು 500 ಡಿಗ್ರಿ ದಾಟಿಸಿ ಕಾಯಿಸಿ, ನೀರಿಗೆ ಅದ್ದಿ, ಗಡಸುತನ ಅಳೆದರು. ವಿಶೇಷವೇನೂ ಇರಲಿಲ್ಲ. ಅವತ್ತು ಶನಿವಾರ, ಕೆಲಸ ಅರ್ಧಕ್ಕೆ ನಿಂತಿತು. ಸೋಮವಾರ ಬಂದು ಅದೇ ತುಂಡನ್ನು ಮತ್ತೆ ಅಳೆದರೆ ಲೋಹ ಚೆನ್ನಾಗಿ ಗಟ್ಟಿಯಾಗಿತ್ತು. ಯಾರೂ ಮುಟ್ಟಿರಲಿಲ್ಲ. ಸುಮ್ನೆ ಮೇಜಿನ ಮೇಲೆ ಬಿದ್ದಿತ್ತು, ಅಷ್ಟೇ.

ಉಕ್ಕು ನೀರಿಗೆ ಬಿದ್ದ ಕ್ಷಣದಲ್ಲೇ ಗಟ್ಟಿಯಾಗುತ್ತದೆ. ಈ ಲೋಹ ಆಮೇಲೆ, ತನ್ನ ಪಾಡಿಗೆ ತಾನು, ನಿಧಾನವಾಗಿ ಗಟ್ಟಿಯಾಯಿತು. ವಿಲ್ಮ್ ಇದಕ್ಕೆ ಪೇಟೆಂಟ್ ಪಡೆದರು. ಡ್ಯೂರೆನ್ ಊರಿನ ಕಾರ್ಖಾನೆ ಅದನ್ನು ಡ್ಯುರಾಲುಮಿನ್ ಎಂಬ ಹೆಸರಿನಲ್ಲಿ ಮಾರಿತು. ಝೆಪ್ಪೆಲಿನ್ ವಾಯುನೌಕೆಗಳ ಅಸ್ಥಿಪಂಜರ ಅದರಿಂದಲೇ ಆಯಿತು. 1919ರ ಯುಂಕರ್ಸ್ ಎಫ್13, ಪೂರ್ತಿ ಲೋಹದ ಮೊದಲ ಪ್ರಯಾಣಿಕ ವಿಮಾನ, ಅದೂ ಡ್ಯುರಾಲುಮಿನ್‌ದೇ. ಆದರೆ ಯಾಕೆ ಗಟ್ಟಿಯಾಗುತ್ತದೆ ಅನ್ನುವುದು ವಿಲ್ಮ್‌ಗೆ ಕೊನೆವರೆಗೂ ಸ್ಪಷ್ಟವಾಗಲಿಲ್ಲ. ಆಗಿನ ಮೈಕ್ರೋಸ್ಕೋಪಿನಲ್ಲಿ ಶನಿವಾರದ ಲೋಹಕ್ಕೂ ಸೋಮವಾರದ ಲೋಹಕ್ಕೂ ವ್ಯತ್ಯಾಸವೇ ಕಾಣುತ್ತಿರಲಿಲ್ಲ.

ಉತ್ತರಕ್ಕೆ ಎರಡು ತಿಳಿವಳಿಕೆ ಬೇಕಿತ್ತು. ಒಂದು, ಲೋಹ ಬಾಗುವಾಗ ಒಳಗೆ ಏನಾಗುತ್ತದೆ ಅನ್ನುವುದು. ದೊಡ್ಡ ಜಮಖಾನವನ್ನು ನೆಲದ ಮೇಲೆ ಒಂದು ಗೇಣು ಸರಿಸಬೇಕು ಅಂದುಕೊಳ್ಳಿ. ಇಡಿಯಾಗಿ ಎಳೆಯಲು ಹೋದರೆ ಇಬ್ಬರು ಮೂವರು ಬೇಕು. ಒಂದು ತುದಿಯಲ್ಲಿ ಸುಕ್ಕು ಎಬ್ಬಿಸಿ, ಆ ಸುಕ್ಕನ್ನೇ ಇನ್ನೊಂದು ತುದಿಗೆ ತಳ್ಳುತ್ತಾ ಹೋದರೆ ಒಬ್ಬರೇ ಸಾಕು. ಲೋಹದಲ್ಲೂ ಹಾಗೆಯೇ. ಪರಮಾಣುಗಳು ಪದರ ಪದರವಾಗಿ ಕೂತಿರುತ್ತವೆ. ಒಂದು ಪದರ ಇನ್ನೊಂದರ ಮೇಲೆ ಒಟ್ಟಿಗೇ ಜಾರುವುದಿಲ್ಲ. ಜೋಡಣೆಯಲ್ಲಿ ಒಂದು ಸುಕ್ಕು ಇರುತ್ತದೆ, ಅದು ಓಡುತ್ತದೆ, ಪದರ ಒಂದು ಹೆಜ್ಜೆ ಸರಿಯುತ್ತದೆ. ಇದಕ್ಕೆ ಡಿಸ್ಲೊಕೇಶನ್ ಎನ್ನುತ್ತಾರೆ. 1934ರಲ್ಲಿ ಟೇಲರ್, ಒರೊವಾನ್, ಪೊಲಾನಿ ಎಂಬ ಮೂವರು ವಿಜ್ಞಾನಿಗಳು ಬೇರೆ ಬೇರೆಯಾಗಿ ಇದನ್ನು ಹೇಳಿದರು. ಲೋಹವನ್ನು ಗಟ್ಟಿ ಮಾಡುವುದು ಅಂದರೆ ಈ ಸುಕ್ಕುಗಳ ದಾರಿಗೆ ಅಡ್ಡಿ ಹಾಕುವುದು. ಇಷ್ಟು ತಲೆಯಲ್ಲಿದ್ದರೆ ಮುಂದಿನದೆಲ್ಲ ಸುಲಭ.

ಎರಡನೆಯದು, ತಾಮ್ರ ಎಲ್ಲಿ ಹೋಗುತ್ತದೆ ಅನ್ನುವುದು. ಬಿಸಿ ಅಲ್ಯುಮಿನಿಯಂ ತಾನು ಕರಗದೆ ಘನವಾಗಿದ್ದಾಗಲೇ ತನ್ನೊಳಗೆ ಸಾಕಷ್ಟು ತಾಮ್ರವನ್ನು ಕರಗಿಸಿಕೊಳ್ಳುತ್ತದೆ. 548 ಡಿಗ್ರಿಯಲ್ಲಿ ಸುಮಾರು 5.6% ವರೆಗೆ. ತಣ್ಣಗಾದರೆ ಅರ್ಧ ಪರ್ಸೆಂಟ್ ಕೂಡ ಹಿಡಿಸುವುದಿಲ್ಲ. ನಿಧಾನಕ್ಕೆ ಆರಿಸಿದರೆ ಹೆಚ್ಚಾದ ತಾಮ್ರ ದೊಡ್ಡ ದೊಡ್ಡ ಗಂಟುಗಳಾಗಿ ಹೊರಬೀಳುತ್ತದೆ. ತಟ್ಟನೆ ನೀರಿಗೆ ಅದ್ದಿದರೆ ಹೊರಬೀಳಲು ಸಮಯವೇ ಸಿಗದೆ ಒಳಗೇ ಸಿಕ್ಕಿಕೊಳ್ಳುತ್ತದೆ. ಜೊತೆಗೆ ಬಿಸಿಯಲ್ಲಿ ಹುಟ್ಟಿದ ಖಾಲಿ ಜಾಗಗಳೂ, ಅಂದರೆ ಪರಮಾಣು ಇಲ್ಲದ ಸ್ಥಾನಗಳೂ, ಸಿಕ್ಕಿಕೊಳ್ಳುತ್ತವೆ. ಆ ಖಾಲಿ ಜಾಗಗಳನ್ನು ಬಳಸಿಕೊಂಡು ತಾಮ್ರದ ಪರಮಾಣುಗಳು ಕೋಣೆಯ ಉಷ್ಣಾಂಶದಲ್ಲೇ ಮೆಲ್ಲಗೆ ಸರಿದಾಡುತ್ತವೆ, ಗುಂಪುಗೂಡುತ್ತವೆ. ಆ ಗುಂಪುಗಳೇ ಸುಕ್ಕಿಗೆ ಅಡ್ಡಿ. ಶನಿವಾರದಿಂದ ಸೋಮವಾರದವರೆಗೆ ನಡೆದದ್ದು ಇದು. ಇದಕ್ಕೆ ಏಜಿಂಗ್ ಅನ್ನುತ್ತಾರೆ.

1919ರಲ್ಲಿ ಅಮೆರಿಕದ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನ ಮೆರಿಕಾ ಮತ್ತು ಅವರ ಸಂಗಡಿಗರು ಹೀಗಿರಬಹುದು ಎಂದು ಊಹಿಸಿದರು. ಕಣ್ಣಿಗೆ ಆಧಾರ ಸಿಕ್ಕಿದ್ದು 1938ರಲ್ಲಿ. ಫ್ರಾನ್ಸಿನ ಗಿನಿಯೆ, ಇಂಗ್ಲೆಂಡಿನ ಪ್ರೆಸ್ಟನ್, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಎಕ್ಸ್-ರೇ ಚಿತ್ರಗಳಲ್ಲಿ ಅದನ್ನು ಗುರುತಿಸಿದರು. ತಾಮ್ರದ ಬಿಲ್ಲೆಗಳು, ದಪ್ಪ ಬರೀ ಒಂದು ಪರಮಾಣುವಿನಷ್ಟು, ಅಗಲ ಕೆಲವೇ ನ್ಯಾನೊಮೀಟರ್. ವಿಲ್ಮ್ ಅದಕ್ಕೆ ಒಂದು ವರ್ಷ ಮೊದಲು, 1937ರಲ್ಲಿ, ತೀರಿಕೊಂಡಿದ್ದರು. ನನಗೆ ಇದು ಓದಿದಾಗಲೆಲ್ಲ ಬೇಜಾರಾಗುತ್ತದೆ.

ಇನ್ನೊಂದು ಸಂಗತಿ ಇಲ್ಲೇ ಹೇಳಿಬಿಡುತ್ತೇನೆ. 1903ರಲ್ಲಿ ಹಾರಿದ ರೈಟ್ ಸಹೋದರರ ವಿಮಾನದ ಎಂಜಿನ್ ಕವಚ ಸುಮಾರು 8% ತಾಮ್ರ ಬೆರೆಸಿದ ಅಲ್ಯುಮಿನಿಯಂ ಎರಕ. 1994ರಲ್ಲಿ ಗೇಲ್ ಮತ್ತು ಗುಡ್‌ವೇ ಎಂಬ ಸಂಶೋಧಕರು ಅದರ ಚೂರನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಅದರಲ್ಲೂ ಇದೇ ತಾಮ್ರದ ಬಿಲ್ಲೆಗಳು! ವಿಲ್ಮ್ ಕಂಡುಹಿಡಿಯುವ ಮೂರು ವರ್ಷ ಮೊದಲೇ ಈ ಗಟ್ಟಿತನ ಆಕಾಶಕ್ಕೆ ಏರಿತ್ತು, ಯಾರಿಗೂ ಗೊತ್ತಿಲ್ಲದೆ.

ಇವತ್ತು ವಿಮಾನದ ರೆಕ್ಕೆಗೆ ಬಳಸುವ ಸತು ಬೆರೆತ 7075 ಮಿಶ್ರಲೋಹ ಸುಮಾರು 500 ಮೆಗಾಪಾಸ್ಕಲ್ ಒತ್ತಡದವರೆಗೆ ಕಾಯಂ ಬಾಗುವುದಿಲ್ಲ. ಸಾಧಾರಣ ಉಕ್ಕಿಗೆ ಆ ಅಂಕಿ ಸುಮಾರು 250. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಜೋಡಿಸುವ ತೇಜಸ್‌ನಲ್ಲಿ ಕಾರ್ಬನ್ ಕಾಂಪೋಸಿಟ್ ಜೊತೆ ಅಲ್ಯುಮಿನಿಯಂ-ಲಿಥಿಯಂ ಮಿಶ್ರಲೋಹವೂ ಇದೆ. ಒಂದೊಂದು ಪರ್ಸೆಂಟ್ ಲಿಥಿಯಂ ಸೇರಿಸಿದಾಗಲೂ ತೂಕ ಸುಮಾರು 3% ಇಳಿಯುತ್ತದೆ, ಬಿಗಿ ಸುಮಾರು 6% ಏರುತ್ತದೆ. ನಿಮ್ಮ ಬೈಕಿನ ಅಲಾಯ್ ವ್ಹೀಲ್ ಕೂಡ ಇದೇ ವಂಶ. ಸಿಲಿಕಾನ್, ಮೆಗ್ನೀಸಿಯಂ ಬೆರೆಸಿದ ಅಲ್ಯುಮಿನಿಯಂ ಎರಕ, ಕಾಯಿಸಿ, ಅದ್ದಿ, ಮತ್ತೆ ಸಣ್ಣ ಬಿಸಿಯಲ್ಲಿ ಕೆಲವು ಗಂಟೆ ಇಟ್ಟದ್ದು.

ಆ "ಕೆಲವು ಗಂಟೆ" ಬಹಳ ಮುಖ್ಯ. ಕಡಿಮೆಯಾದರೆ ಬಿಲ್ಲೆಗಳು ಬೆಳೆದಿರುವುದಿಲ್ಲ. ಜಾಸ್ತಿಯಾದರೆ ಸಣ್ಣವು ಕರಗಿ ದೊಡ್ಡವು ಉಬ್ಬುತ್ತವೆ, ನಡುವಿನ ಅಂತರ ಹೆಚ್ಚುತ್ತದೆ, ಸುಕ್ಕುಗಳಿಗೆ ದಾರಿ ಸಿಗುತ್ತದೆ, ಲೋಹ ಮತ್ತೆ ಮೆತ್ತಗಾಗುತ್ತದೆ. ವಿಮಾನ ಕಟ್ಟುವ ಕಡೆ ಕೆಲವು ಬಗೆಯ ರಿವೆಟ್‌ಗಳನ್ನು ಕಾಯಿಸಿ ಅದ್ದಿದ ಮೇಲೆ ಫ್ರೀಜರಿನಲ್ಲಿ ಇಡುತ್ತಾರೆ. ಹೊರಗಿಟ್ಟರೆ ಬಡಿಯುವ ಮೊದಲೇ ಗಟ್ಟಿಯಾಗಿಬಿಡುತ್ತವೆ. ಕಾಂಕಾರ್ಡ್ ವಿಮಾನ ಶಬ್ದದ ಎರಡು ಪಟ್ಟು ವೇಗಕ್ಕೆ ನಿಂತದ್ದಕ್ಕೂ ಒಂದು ಕಾರಣ ಇದೇ. ಆ ವೇಗದಲ್ಲಿ ಅದರ ಮೂತಿ 127 ಡಿಗ್ರಿ ಮುಟ್ಟುತ್ತಿತ್ತು. ಅದಕ್ಕಿಂತ ಬಿಸಿಯಾದರೆ ಅಲ್ಯುಮಿನಿಯಂ ಮೈಯೊಳಗಿನ ಬಿಲ್ಲೆಗಳು ಹಾರಾಟದಲ್ಲೇ ಉಬ್ಬತೊಡಗುತ್ತಿದ್ದವು.

ಸರಿ, ಹಾಗಾದರೆ ಇದೇ ಉಪಾಯವನ್ನು ಮೆಗ್ನೀಸಿಯಂಗೂ ಮಾಡಬಹುದಲ್ವಾ? ಬಿಸಿಯಲ್ಲಿ ಏನಾದರೂ ಕರಗಿಸಿ, ನೀರಿಗೆ ಅದ್ದಿ, ಕಾಯುವುದು?

ಮಾಡಿದರು. ಮೆಗ್ನೀಸಿಯಂ ಒಳಗೆ ಅಲ್ಯುಮಿನಿಯಂ 437 ಡಿಗ್ರಿಯಲ್ಲಿ ಸುಮಾರು 12.7% ಕರಗುತ್ತದೆ. ತಣ್ಣಗಾದಾಗ ಬಹುಪಾಲು ಹೊರಬೀಳಲೇಬೇಕು. ಲೆಕ್ಕದ ಪ್ರಕಾರ ತಾಮ್ರದ ಕಥೆಗಿಂತ ಚೆನ್ನಾಗಿ ನಡೆಯಬೇಕಿತ್ತು. ಅತಿ ಹೆಚ್ಚು ಬಳಕೆಯಲ್ಲಿರುವ ಎಝಡ್91 ಮಿಶ್ರಲೋಹದಲ್ಲಿ 9% ಅಲ್ಯುಮಿನಿಯಂ, 1% ಸತು ಇದೆ. ಏಜಿಂಗ್ ಮಾಡಿದರೆ ಕಣಗಳೂ ಹುಟ್ಟುತ್ತವೆ. ಆದರೆ ಗಟ್ಟಿತನ ಮಾತ್ರ ನಿರೀಕ್ಷಿಸಿದಷ್ಟು ಏರುವುದಿಲ್ಲ.

ಯಾಕೆ ಅನ್ನುವುದಕ್ಕೆ ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ವಸ್ತುವಿಜ್ಞಾನಿ ಜಿಯಾನ್‌ಫೆಂಗ್ ನಿಯೆ ಕೊಟ್ಟ ಉತ್ತರ ನನಗೆ ತುಂಬಾ ಇಷ್ಟ. ಅದನ್ನು ನಿಧಾನವಾಗಿ ನೋಡೋಣ.

ಅಲ್ಯುಮಿನಿಯಂ ಹರಳು ಘನಾಕೃತಿಯ ಜೋಡಣೆ. ಅದರಲ್ಲಿ ಪದರಗಳು ನಾಲ್ಕು ದಿಕ್ಕಿಗೆ ಓರೆಯಾಗಿ ಜಾರಬಹುದು, ಒಂದೊಂದು ಪದರದಲ್ಲೂ ಮೂರು ದಾರಿ. ಒಟ್ಟು 12 ದಾರಿಗಳು. ಹಾಗಾಗಿ ಯಾವ ಕಡೆಯಿಂದ ಬಗ್ಗಿಸಿದರೂ ಅದು ಬಾಗಿಕೊಡುತ್ತದೆ, ಸೀಳುವುದಿಲ್ಲ. ಪಾತ್ರೆ, ಡಬ್ಬಿ, ಫಾಯಿಲ್ ಎಲ್ಲ ಸಾಧ್ಯವಾದದ್ದು ಹಾಗೆ.

ಮೆಗ್ನೀಸಿಯಂ ಹರಳು ಆರು ಮೂಲೆಯ ಜೋಡಣೆ. ಅದರಲ್ಲಿ ಸುಲಭವಾಗಿ ಜಾರುವ ಪದರ ಒಂದೇ, ತಳಕ್ಕೆ ಸಮಾಂತರವಾಗಿರುವುದು. ಬೇರೆ ಪದರಗಳೂ ಇವೆ, ಆದರೆ ಕೋಣೆಯ ಉಷ್ಣಾಂಶದಲ್ಲಿ ಅವನ್ನು ಜಾರಿಸಲು ಹತ್ತಾರು ಪಟ್ಟು ಹೆಚ್ಚು ಬಲ ಬೇಕು. ಲೋಹದ ತುಂಡೊಂದು ಬಿರುಕು ಬಿಡದೆ ಬೇಕಾದ ಆಕಾರಕ್ಕೆ ಬರಲು ಕನಿಷ್ಠ ಐದು ಸ್ವತಂತ್ರ ದಾರಿ ಬೇಕು. ಈ ಒಂದು ಪದರದಲ್ಲಿ ಮೂರು ದಾರಿ ಇದ್ದರೂ ಮೂರನೆಯದು ಉಳಿದೆರಡರ ಬೆರಕೆಯೇ, ಹಾಗಾಗಿ ಸ್ವತಂತ್ರವಾದವು ಎರಡು ಮಾತ್ರ. ಆದ್ದರಿಂದ ತಣ್ಣನೆಯ ಮೆಗ್ನೀಸಿಯಂ ಹಾಳೆಯನ್ನು ಪ್ರೆಸ್ಸಿನಲ್ಲಿ ಒತ್ತಿದರೆ ಅಂಚಿನಲ್ಲಿ ಸೀಳುತ್ತದೆ. ಇನ್ನೂರು ಡಿಗ್ರಿಗಿಂತ ಮೇಲೆ ಕಾಯಿಸಿದರೆ ಬೇರೆ ಪದರಗಳೂ ತೆರೆದುಕೊಳ್ಳುತ್ತವೆ, ಆಗ ಕೆಲಸ ಆಗುತ್ತದೆ. ಆದರೆ ಬಿಸಿ ಅಚ್ಚು, ಬಿಸಿ ಹಾಳೆ ಅಂದರೆ ಖರ್ಚು, ನಿಧಾನ. ಒಂದೊಂದು ಬಾಗಿಲನ್ನೂ ಕೆಲವೇ ಸೆಕೆಂಡಿನಲ್ಲಿ ಒತ್ತುವ ಕಾರು ಕಾರ್ಖಾನೆಗೆ ಅದು ಹೊಂದುವುದಿಲ್ಲ. ಇದೇ ದೊಡ್ಡ ಅಡ್ಡಿ. ಹಾಗಾಗಿ ಮೆಗ್ನೀಸಿಯಂನ ಬಹುತೇಕ ಭಾಗಗಳು ಹಾಳೆಯಿಂದಲ್ಲ, ಡೈಕಾಸ್ಟಿಂಗ್‌ನಿಂದ, ಅಂದರೆ ಕರಗಿದ ಲೋಹವನ್ನು ಅಚ್ಚಿಗೆ ಒತ್ತಿ ತುಂಬುವ ಎರಕದಿಂದ, ಬರುತ್ತವೆ.

ಈಗ ಎಝಡ್91ಕ್ಕೆ ಬನ್ನಿ. ಅದರಲ್ಲಿ ಹುಟ್ಟುವ ಕಣಗಳು ತೆಳುವಾದ ಬಿಲ್ಲೆಗಳು. ಆ ಬಿಲ್ಲೆಗಳು ಮಲಗುವುದು ತಳದ ಪದರಕ್ಕೆ ಸಮಾಂತರವಾಗಿ. ಸುಕ್ಕುಗಳು ಓಡುವುದೂ ಅದೇ ಪದರದ ಉದ್ದಕ್ಕೆ. ಅಂದಮೇಲೆ ಸುಕ್ಕಿಗೆ ಎದುರಾಗುವುದು ಬಿಲ್ಲೆಯ ತೆಳು ಅಂಚು ಮಾತ್ರ, ಅದೂ ಅಪರೂಪಕ್ಕೆ. ಬಹುಪಾಲು ಸುಕ್ಕುಗಳು ಬಿಲ್ಲೆಯ ಮೇಲಿಂದಲೋ ಕೆಳಗಿಂದಲೋ ಹಾಯಾಗಿ ಹೋಗಿಬಿಡುತ್ತವೆ. ಅದೇ ಬಿಲ್ಲೆಯನ್ನು ನೆಟ್ಟಗೆ ನಿಲ್ಲಿಸಿದ್ದರೆ? ಒಂದೇ ಬಿಲ್ಲೆ ನೂರಾರು ಪದರಗಳನ್ನು ಅಡ್ಡಗಟ್ಟುತ್ತಿತ್ತು. ವಸ್ತು ಅಷ್ಟೇ, ಪ್ರಮಾಣ ಅಷ್ಟೇ, ನಿಂತ ರೀತಿ ಮಾತ್ರ ಬೇರೆ. ನಿಯೆ 2003ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಗುಂಡು ಕಣ, ಕಡ್ಡಿ, ಮಲಗಿದ ಬಿಲ್ಲೆ, ನಿಂತ ಬಿಲ್ಲೆ ಎಲ್ಲವನ್ನೂ ಹೋಲಿಸಿದರು. ನಿಂತ ಬಿಲ್ಲೆಯೇ ಎಲ್ಲಕ್ಕಿಂತ ಮೇಲು.

ನಿಂತ ಬಿಲ್ಲೆ ಬರೀ ಕಾಗದದ ಮೇಲಿನ ಲೆಕ್ಕವಲ್ಲ. ಅದಕ್ಕೂ ಮೊದಲೇ ನಿಯೆ ಮತ್ತು ಬ್ಯಾರಿ ಮಡ್ಲ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಡಿ ಇಟ್ರಿಯಂ, ನಿಯೋಡಿಮಿಯಂ ಬೆರೆಸಿದ ಮೆಗ್ನೀಸಿಯಂನಲ್ಲಿ ಅವನ್ನು ಕಂಡಿದ್ದರು. ಡಬ್ಲ್ಯುಇ43 ಎಂಬ ಮಿಶ್ರಲೋಹ ಈ ಜಾತಿಯದು. ಸುಮಾರು 4% ಇಟ್ರಿಯಂ, 3% ನಿಯೋಡಿಮಿಯಂ ಮತ್ತು ಅದರ ನೆಂಟ ಲೋಹಗಳು. ಎಝಡ್91 ಸುಮಾರು 120 ಡಿಗ್ರಿ ದಾಟಿದರೆ ಸೋಲತೊಡಗುತ್ತದೆ. ಡಬ್ಲ್ಯುಇ43 250 ಡಿಗ್ರಿ ಹತ್ತಿರದವರೆಗೂ ತಾಳುತ್ತದೆ. ಅದಕ್ಕೇ ಹೆಲಿಕಾಪ್ಟರ್ ಗೇರ್‌ಬಾಕ್ಸ್ ಕವಚಕ್ಕೆ ಅದು ಹೇಳಿ ಮಾಡಿಸಿದ ಲೋಹ.

ಬೆಲೆ ಮಾತ್ರ ಕೈಗೆಟಕುವುದಿಲ್ಲ. ಇಟ್ರಿಯಂ, ನಿಯೋಡಿಮಿಯಂ ವಿರಳ ಭೂಲೋಹಗಳು, ಬಹುಪಾಲು ಚೀನಾದಿಂದ ಬರಬೇಕು. ಮೆಗ್ನೀಸಿಯಂ ಕೂಡ ಹಾಗೆಯೇ. ಡಾಲಮೈಟನ್ನು ಸುಟ್ಟು, ಕಬ್ಬಿಣ-ಸಿಲಿಕಾನ್ ಮಿಶ್ರಲೋಹವಾದ ಫೆರೊಸಿಲಿಕಾನ್ ಜೊತೆ ಸೇರಿಸಿ, ಸುಮಾರು 1200 ಡಿಗ್ರಿಯ ನಿರ್ವಾತ ಕುಲುಮೆಯಲ್ಲಿ ಆವಿಯಾಗಿ ಹೊರತೆಗೆಯುವ ಪಿಜನ್ ವಿಧಾನ ಕೆನಡಾದಲ್ಲಿ ಹುಟ್ಟಿದ್ದು. ಈಗ ಜಗತ್ತಿನ ಬಹುಪಾಲು ಮೆಗ್ನೀಸಿಯಂ ಈ ವಿಧಾನದಲ್ಲಿ ಚೀನಾದಲ್ಲೇ ತಯಾರಾಗುತ್ತದೆ. 2021ರಲ್ಲಿ ಶಾಂಕ್ಸಿ ಪ್ರಾಂತ್ಯದ ಕುಲುಮೆಗಳನ್ನು ವಿದ್ಯುತ್ ಮಿತಿಗಾಗಿ ನಿಲ್ಲಿಸಿದಾಗ ಯುರೋಪಿನ ಅಲ್ಯುಮಿನಿಯಂ ಕಾರ್ಖಾನೆಗಳೇ ಗಾಬರಿಯಾದವು. ಅಲ್ಯುಮಿನಿಯಂ ಮಿಶ್ರಲೋಹಕ್ಕೂ ಮೆಗ್ನೀಸಿಯಂ ಬೇಕು, ನೋಡಿ.

ಬಲದ ದಾಖಲೆಯ ಬಗ್ಗೆ ಒಂದು ಮಾತು. ಜಪಾನಿನ ಕುಮಾಮೊಟೊ ವಿಶ್ವವಿದ್ಯಾಲಯದ ಯೋಶಿಹಿತೊ ಕವಮುರ ಮತ್ತು ಸಂಗಡಿಗರು 2001ರಲ್ಲಿ ನೂರು ಪರಮಾಣುಗಳಲ್ಲಿ ಬರೀ 1 ಸತು, 2 ಇಟ್ರಿಯಂ ಇರುವಂತೆ ಬೆರೆಸಿದ ಮೆಗ್ನೀಸಿಯಂ ಪುಡಿಯಿಂದ ಸುಮಾರು 610 ಮೆಗಾಪಾಸ್ಕಲ್ ಬಲ ಪಡೆದರು. ಅದು 7075 ಅಲ್ಯುಮಿನಿಯಂಗಿಂತ ಜಾಸ್ತಿ. ಆದರೆ ಕರಗಿದ ಲೋಹವನ್ನು ಕ್ಷಣಮಾತ್ರದಲ್ಲಿ ತಣಿಸಿ ಪುಡಿ ಮಾಡಿ ಒತ್ತಿ ಮಾಡಿದ್ದದು. ದೊಡ್ಡ ಭಾಗಗಳನ್ನು ಹಾಗೆ ಅಗ್ಗದಲ್ಲಿ ಮಾಡಲಾಗುವುದಿಲ್ಲ.

ನಿಯೆ ಅವರ ಗುಂಪಿನ ಇನ್ನೊಂದು ಕೆಲಸ ಇದಕ್ಕಿಂತ ಸೂಕ್ಷ್ಮ. ಜಾರಲು ದಾರಿ ಸಾಲದಾದಾಗ ಮೆಗ್ನೀಸಿಯಂ ಇನ್ನೊಂದು ಉಪಾಯ ಮಾಡುತ್ತದೆ. ಹರಳಿನ ಒಂದು ಭಾಗ ಸುಮಾರು 86 ಡಿಗ್ರಿ ಹೊರಳಿ ಪಕ್ಕದ ಭಾಗದ ಕನ್ನಡಿ ಬಿಂಬವಾಗುತ್ತದೆ. ಇದಕ್ಕೆ ಟ್ವಿನ್ ಅನ್ನುತ್ತಾರೆ. ಅಚ್ಚಿನ ರಂಧ್ರದ ಮೂಲಕ ಒತ್ತಿ ತೆಗೆದ ಮೆಗ್ನೀಸಿಯಂ ಸರಳು ಎಳೆತಕ್ಕೆ ಗಟ್ಟಿಯಾಗಿದ್ದು, ಒತ್ತಡಕ್ಕೆ ಸುಮಾರು ಅರ್ಧ ಬಲದಲ್ಲೇ ಕುಸಿಯುವುದು ಈ ಟ್ವಿನ್‌ನಿಂದಲೇ. 2013ರಲ್ಲಿ ಅವರು ಗ್ಯಾಡೊಲಿನಿಯಂ ಎಂಬ ವಿರಳ ಭೂಲೋಹ ಮತ್ತು ಸತು ಬೆರೆಸಿದ ಮೆಗ್ನೀಸಿಯಂ ಮಿಶ್ರಲೋಹವನ್ನು ಸ್ವಲ್ಪ ಒತ್ತಿ, ಮೆಲುಬಿಸಿಯಲ್ಲಿ ಇಟ್ಟು, ಟ್ವಿನ್ ಗಡಿಯನ್ನು ಪರಮಾಣು ಮಟ್ಟದಲ್ಲಿ ಚಿತ್ರಿಸಿದರು. ಗಡಿಯಲ್ಲಿ ಜಾಗ ಹಿಗ್ಗಿದ ಕಡೆ ದೊಡ್ಡ ಗ್ಯಾಡೊಲಿನಿಯಂ ಪರಮಾಣು, ಇಕ್ಕಟ್ಟಿನ ಕಡೆ ಸಣ್ಣ ಸತುವಿನ ಪರಮಾಣು, ಸಾಲಾಗಿ, ಲೆಕ್ಕ ತಪ್ಪದೆ ಬಂದು ಕೂತಿದ್ದವು. ಹಾಗೆ ಕೂತು ಗಡಿಯನ್ನು ಅಲುಗದಂತೆ ಹಿಡಿದಿದ್ದವು. ಬಡಿದ ಲೋಹವನ್ನು ಕಾಯಿಸಿದರೆ ಮೆತ್ತಗಾಗುವುದು ವಾಡಿಕೆ. ಇಲ್ಲಿ ಗಟ್ಟಿಯಾಯಿತು.

2017ರಲ್ಲಿ ಅದೇ ವಿಶ್ವವಿದ್ಯಾಲಯದಿಂದ ಇನ್ನೊಂದು ಅಚ್ಚರಿ ಬಂತು. ಏನನ್ನೂ ಬೆರೆಸದ ಶುದ್ಧ ಮೆಗ್ನೀಸಿಯಂ. ಅದನ್ನು ಸಾಮಾನ್ಯ ಬಿಸಿಯ ಬದಲು ಬರೀ 80 ಡಿಗ್ರಿಯಲ್ಲಿ ಒತ್ತಿ ತೆಗೆದರು. ಹರಳಿನ ಕಣಗಳು ಸುಮಾರು ಒಂದು ಮೈಕ್ರಾನ್‌ಗೆ ಇಳಿದವು. ಅಷ್ಟು ಸಣ್ಣದಾದಾಗ ಪದರಗಳು ಜಾರುವ ಗೋಜೇ ಕಡಿಮೆ, ಕಣಗಳೇ ಒಂದರ ಪಕ್ಕ ಒಂದು ಸರಿಯುತ್ತವೆ. ಹಾಳೆಯನ್ನು ತಣ್ಣಗಿರುವಾಗಲೇ ಮಡಚಿದರು, ಬಿರುಕು ಬಿಡಲಿಲ್ಲ. ಬಾಗುವ ಗುಣ ಸಿಕ್ಕಿತು. ಆದರೆ ಮಿಶ್ರಲೋಹದಷ್ಟು ಬಲ ಇದರಲ್ಲಿಲ್ಲ.

ತುಕ್ಕು ಮತ್ತು ಬೆಂಕಿಯ ಮಾತು ಇಲ್ಲಿ ಮುಗಿಸೋಣ. ಮೆಗ್ನೀಸಿಯಂ ಉಪ್ಪುನೀರಿಗೆ ಬೇಗ ಸವೆಯುತ್ತದೆ ಅನ್ನುವುದರ ಹಿಂದಿನ ದೊಡ್ಡ ಕಳ್ಳ ಅದರೊಳಗೆ ಉಳಿದ ಕಬ್ಬಿಣ, ನಿಕ್ಕಲ್, ತಾಮ್ರ. ಡೌ ಕೆಮಿಕಲ್‌ನ ಹನವಾಲ್ಟ್ ತಂಡ 1942ರಲ್ಲೇ ಇದನ್ನು ತೋರಿಸಿತ್ತು. ಶುದ್ಧ ಮೆಗ್ನೀಸಿಯಂನಲ್ಲಿ ಕಬ್ಬಿಣ ಹತ್ತು ಲಕ್ಷಕ್ಕೆ 170 ಪಾಲು ದಾಟಿದರೆ ಸವೆತ ಒಮ್ಮೆಲೇ ಏರುತ್ತದೆ. ಕಬ್ಬಿಣವನ್ನು ಹಿಡಿದಿಡಲು ಮ್ಯಾಂಗನೀಸ್ ಸೇರಿಸುತ್ತಾರೆ. ಉಕ್ಕಿನ ಬೋಲ್ಟ್ ನೇರ ತಾಗಿದರೆ ಮಾತ್ರ ಇವತ್ತಿಗೂ ಕಷ್ಟವೇ. ಈ ಸವೆತವೇ ಒಂದು ಕಡೆ ವರವಾಗಿದೆ. ಮೂಳೆ ಕೂಡಿಸುವ ಮೆಗ್ನೀಸಿಯಂ ಸ್ಕ್ರೂ ಮೈಯೊಳಗೆ ತಾನಾಗಿ ಕರಗಿಹೋಗುತ್ತದೆ, ತೆಗೆಯಲು ಎರಡನೇ ಆಪರೇಷನ್ ಬೇಡ. ಯುರೋಪಿನಲ್ಲಿ 2013ರಿಂದ ಇಂಥ ಸ್ಕ್ರೂ ಬಳಕೆಯಲ್ಲಿದೆ.

ಬೆಂಕಿ ಹತ್ತುವುದು ಪುಡಿಗೆ, ಸಿಪ್ಪೆಗೆ. ದಪ್ಪ ತುಂಡು ಬಿಸಿಯನ್ನು ಬೇಗ ಹರಡಿಬಿಡುತ್ತದೆ, ಕರಗುವ ಮಟ್ಟದ ಹತ್ತಿರ, ಅಂದರೆ 650 ಡಿಗ್ರಿ ಆಸುಪಾಸು, ಬರದೆ ಹತ್ತುವುದಿಲ್ಲ. ಹತ್ತಿದರೆ ಮಾತ್ರ ನೀರು ಹಾಕಬಾರದು. 1955ರ ಲೆ ಮಾನ್ ರೇಸಿನ ದುರಂತದಲ್ಲಿ ಮೆಗ್ನೀಸಿಯಂ ಮೈಯ ಮರ್ಸಿಡಿಸ್ ಕಾರಿನ ಬೆಂಕಿಗೆ ನೀರು ಸುರಿದಾಗ ಉರಿ ಇನ್ನೂ ಜೋರಾಯಿತು. ಈಗ ಸ್ವಲ್ಪ ಕ್ಯಾಲ್ಸಿಯಂ ಬೆರೆಸಿದರೆ ಹತ್ತುವ ಉಷ್ಣಾಂಶ ಚೆನ್ನಾಗಿ ಮೇಲೇರುತ್ತದೆ ಎಂದು ಗೊತ್ತಾಗಿದೆ. ಮೇಲ್ಮೈಯಲ್ಲಿ ಬಿಗಿಯಾದ ಆಕ್ಸೈಡ್ ಪದರ ಕೂರುವುದರಿಂದ ಹಾಗಾಗುತ್ತದೆ.

ಆ ಕ್ಯಾಲ್ಸಿಯಂ ಇನ್ನೊಂದು ಕಾರಣಕ್ಕೂ ಬೇಕಾಗಿದೆ. ವಿರಳ ಭೂಲೋಹಗಳ ಹಾಗೆ ಅದೂ ಹಾಳೆಯಲ್ಲಿ ಹರಳುಗಳು ಎಲ್ಲ ಒಂದೇ ದಿಕ್ಕಿಗೆ ಮಲಗುವುದನ್ನು ತಪ್ಪಿಸುತ್ತದೆ, ಹಾಗಾಗಿ ಹಾಳೆ ಸುಲಭವಾಗಿ ಬಾಗುತ್ತದೆ, ಅದೂ ಅಗ್ಗದಲ್ಲಿ. ಕಾರಿನ ಅಲ್ಯುಮಿನಿಯಂ ಬಾಗಿಲನ್ನು ಈಗ ಹೇಗೆ ಮಾಡುತ್ತಾರೆ ಗೊತ್ತಾ? ಹಾಳೆ ಮೆತ್ತಗಿರುವಾಗ ಒತ್ತಿ ಆಕಾರ ಕೊಡುತ್ತಾರೆ. ಆಮೇಲೆ ಬಣ್ಣ ಒಣಗಿಸುವ 170–180 ಡಿಗ್ರಿಯ ಒಲೆಯಲ್ಲಿ ಅರ್ಧ ಗಂಟೆಯೊಳಗೆ ಏಜಿಂಗ್ ತಾನಾಗಿ ನಡೆದು ಬಾಗಿಲು ಗಟ್ಟಿಯಾಗುತ್ತದೆ. ಬೇರೆ ಖರ್ಚಿಲ್ಲ. ಜಪಾನಿನ ತ್ಸುಕುಬಾದ ರಾಷ್ಟ್ರೀಯ ವಸ್ತುವಿಜ್ಞಾನ ಸಂಸ್ಥೆಯವರು ಅಲ್ಯುಮಿನಿಯಂ, ಸತು, ಮ್ಯಾಂಗನೀಸ್, ಕ್ಯಾಲ್ಸಿಯಂ ಪ್ರತಿಯೊಂದನ್ನೂ ಒಂದು ಪರ್ಸೆಂಟ್ ಆಸುಪಾಸು ಮಾತ್ರ ಬೆರೆಸಿದ ಮೆಗ್ನೀಸಿಯಂ ಹಾಳೆಯಲ್ಲಿ ಇದೇ ದಾರಿ ತೋರಿಸಿದ್ದಾರೆ. ಕೋಣೆಯ ಉಷ್ಣಾಂಶದಲ್ಲಿ ಒತ್ತಬಹುದು, ಬಣ್ಣದ ಒಲೆಯ ಬಿಸಿಗೆ ಗಟ್ಟಿಯಾಗುತ್ತದೆ. ಗಟ್ಟಿ ಮಾಡುವುದು ಅಲ್ಲಿ ದೊಡ್ಡ ಬಿಲ್ಲೆಗಳೂ ಅಲ್ಲ, ಸುಕ್ಕುಗಳ ಮೇಲೇ ಬಂದು ಸೇರುವ ಬೆರಳೆಣಿಕೆಯ ಪರಮಾಣುಗಳ ಗುಂಪುಗಳು. ಕಾರ್ಖಾನೆಗಳು ಇನ್ನು ನೋಡಬೇಕಾದದ್ದು ಈ ಹಾಳೆಯನ್ನು ಅಗಲವಾಗಿ, ಉದ್ದದ ಸುರುಳಿಯಾಗಿ, ಅಲ್ಯುಮಿನಿಯಂ ಹತ್ತಿರದ ಬೆಲೆಗೆ ಉರುಳಿಸಲು ಆಗುತ್ತದಾ ಅನ್ನುವುದನ್ನು.